ಉಪ್ಪಿನಲ್ಲಿ ಹೂತ ಬಸವನಹುಳು

ಮಾನ್ಯ ಪ್ರಾಂಶುಪಾಲರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ವೆಂಕಟರತ್ನಮ್ಮನವರೇ, ಅವರ ಮೈದುನ ಮೋಹನ್‌ಬಾಬು ಅವರೇ, ಜಂಗಮಕೋಟೆಯಿಂದ ಟೆಂಪೋ ಮಾಡಿಕೊಂಡು ಬಂದಿರುವ ಬಂಧುಗಳೇ, ಸಹೋದ್ಯೋಗಿ ಮಿತ್ರರೇ, ವಿದ್ಯಾರ್ಥಿಗಳೇ — ಕೊನೆಯ ಬೆಂಚನ್ನು ಪಿತ್ರಾರ್ಜಿತ ಆಸ್ತಿಯಂತೆ ಕಾಪಾಡಿಕೊಂಡು ಬಂದ ನೀವು ಕೂಡ ಇವತ್ತು ಮುಂದೆ ಬಂದು ಕುಳಿತಿದ್ದೀರಿ. ಅದನ್ನು ನೋಡಿ ಸಂತೋಷಪಡಬೇಕಾಗಿದ್ದ ಮನುಷ್ಯ ಈ ಹಾರ ಹಾಕಿದ ಫೋಟೋದಲ್ಲಿದ್ದಾನೆ. ಎಲ್ಲರಿಗೂ ನಮಸ್ಕಾರ.

ಶ್ರದ್ಧಾಂಜಲಿಗೆ ಮೊದಲು ತಪ್ಪೊಪ್ಪಿಗೆ.

ಮುರಳಿಮೋಹನ್ ಎಂಬ ಹೆಸರಿನ, ಕನ್ನಡ ವಿಭಾಗದ, ಚಿಂತಾಮಣಿ ಮೂಲದ ನಾನು, ಈ ಕಾಲೇಜಿನ ಸ್ಟಾಫ್ ರೂಮಿನ ಮೇಜಿನ ಮೇಲಿಂದ ಒಂದು ವಸ್ತುವನ್ನು ಎತ್ತಿ, ಅಂಗಿಯ ಜೇಬಿಗೆ ಇಳಿಸಿ, ಗೌರಿಬಿದನೂರು ತಾಲ್ಲೂಕಿನ ಗಡಿ ದಾಟಿಸಿ, ಚಿಕ್ಕಬಳ್ಳಾಪುರದ ಮೇಲೆ ಹಾಯ್ದು, ಶಿಡ್ಲಘಟ್ಟ ತಾಲ್ಲೂಕಿನ ಮಣ್ಣಿನಲ್ಲಿ ಸಾಕ್ಷಿ ಸಿಗದ ಹಾಗೆ ಹೂತು ಬಂದಿದ್ದೇನೆ. ನನ್ನ ಜೀವನದ ಮೊದಲ ಭೂಗತ ಚಟುವಟಿಕೆ ಇದು. ತೀರಿಕೊಂಡವನ ವಸ್ತುವನ್ನು ಕದ್ದು, ತೀರಿಕೊಂಡವನ ಕೈಗೇ ಕೊಟ್ಟರೆ ಯಾವ ಸೆಕ್ಷನ್ನು ಬೀಳುತ್ತದೆ ಎಂದು ನಮ್ಮ ಹಳೆಯ ವಿದ್ಯಾರ್ಥಿಯಾದ ಒಬ್ಬ ವಕೀಲನನ್ನು ಕೇಳಿದೆ. ‘ಸಾರ್, ಅದು ಕಳ್ಳತನ ಅಲ್ಲ, ಡೆಲಿವರಿ’ ಅಂದ.

ಕದ್ದ ಮಾಲು — ಒಂದು ಬಸವನಹುಳು.

ನಗಬಹುದು. ಚನ್ನಕೇಶವನ ಸಭೆಯಲ್ಲಿ ನಗಬಾರದು ಅಂತ ಯಾರೂ ಹೇಳಿಲ್ಲ. ನಾನು ಸಭೆಯ ಮರ್ಯಾದೆಗೆ ‘ಅವರು’ ಅಂತಲೇ ಹೇಳಬೇಕೆಂದು ಬೆಳಿಗ್ಗೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದೆ. ಆಗಲೇ ಎರಡು ಸಲ ಜಾರಿದ್ದೇನೆ. ಕ್ಷಮಿಸಿ. ನನಗೆ ಅವನು ಅವನೇ.

ನಿಮ್ಮಲ್ಲಿ ಕೆಲವರಿಗೆ ಅವನು ಗೊತ್ತು, ಅವನ ಹುಳು ಗೊತ್ತಿಲ್ಲ. ಜಂಗಮಕೋಟೆಯ ಕಡೆಯವರಿಗಂತೂ ಹುಳ ಅಂದರೆ ರೇಷ್ಮೆ ಹುಳ, ಇನ್ನೊಂದಿಲ್ಲ. ಅಂಥ ಊರಿನಲ್ಲಿ, ಹಿಪ್ಪುನೇರಳೆ ಸೊಪ್ಪಿನ ಮಧ್ಯೆ ಹುಟ್ಟಿ, ಸಮುದ್ರದ ಬಸವನಹುಳುವಿನ ಬೆನ್ನು ಹತ್ತಿದ ಭೂವಿಜ್ಞಾನದ ಮೇಷ್ಟ್ರು ಇವನು. ಅದೂ ಬದುಕಿರುವ ಹುಳುವಲ್ಲ — ಕಲ್ಲಾಗಿ ಹೋದದ್ದು. ಪಳೆಯುಳಿಕೆ. ನಮ್ಮದು ಬಂಡೆಗಳ ಸೀಮೆ. ನಂದಿ ಬೆಟ್ಟವನ್ನೇ ಪುಡಿ ಮಾಡಿ ಜರಡಿ ಹಿಡಿದರೂ ಒಂದು ಚಿಪ್ಪು ಸಿಗುವುದಿಲ್ಲ. ನಮ್ಮ ಬಂಡೆಗಳು ತಣ್ಣಗಾದ ಕಾಲಕ್ಕೆ, ಬಸವನಹುಳು ಅಂತ ಒಂದು ಪ್ರಾಣಿ ಇರಲಿ ಎನ್ನುವ ಯೋಚನೆಯೇ ಭೂಮಿಗೆ ಬಂದಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವನು ಹೇಳಿದ್ದು. ‘ಲೋ ಮುರಳಿ, ನಮ್ ಕಡೆ ಕಲ್ಲಿಗೆ ವಯಸ್ಸಿದೆ, ಕಥೆ ಇಲ್ಲ ಕಣೋ. ಕಥೆ ಬೇಕಾದ್ರೆ ಸುಣ್ಣದ ಕಲ್ಲಿಗೆ ಹೋಗ್ಬೇಕು.’

ಸುಣ್ಣದ ಕಲ್ಲು ಅಂದರೆ ಸಮುದ್ರದ ತಳದಲ್ಲಿ ಚಿಪ್ಪು, ಹವಳ, ಕೆಸರು ಎಲ್ಲ ಕೂತು ಕೂತು ಗಟ್ಟಿಯಾದ ಕಲ್ಲು. ಆಮೇಲೆ ಎಂದೋ ಭೂಮಿ ಮೇಲೆದ್ದು ಆ ಸಮುದ್ರದ ತಳವೇ ದ್ವೀಪವಾಗಿಬಿಡುತ್ತದೆ. ಅಂಥ ದ್ವೀಪ ಅಂಡಮಾನಿನಲ್ಲಿ ಇದೆ. ಮದುವೆಯಾದ ಹೊಸದರಲ್ಲಿ ಎಲ್ಲರೂ ಊಟಿಗೆ, ಕೊಡೈಕನಾಲಿಗೆ ಹೋಗುತ್ತಿದ್ದ ಕಾಲಕ್ಕೆ ಈ ಮಹಾನುಭಾವ ಹೆಂಡತಿಯನ್ನು ಹಡಗಿನಲ್ಲಿ ಅಂಡಮಾನಿಗೆ ಕರೆದುಕೊಂಡು ಹೋದ. ಕರಿನೀರಿನ ಶಿಕ್ಷೆ ಮದುವೆಯ ಜೊತೆಗೇ ಸಿಕ್ಕಿದ್ದು ಇಡೀ ದೇಶದಲ್ಲಿ ವೆಂಕಟರತ್ನಮ್ಮನವರಿಗೆ ಮಾತ್ರ.

ಅವರು ನಗುತ್ತಿದ್ದಾರೆ. ನಗಲಿ.

ದಡದ ಕಲ್ಲಿನ ಮೇಲೆ ಹೆಂಡತಿಯನ್ನು ಕೂರಿಸಿ ಇವನು ಸುತ್ತಿಗೆ ಹಿಡಿದು ಹೋದನಂತೆ. ಹೋದವನು ಮಧ್ಯಾಹ್ನ ದಾಟಿದರೂ ಬರಲಿಲ್ಲ. ಬಿಸಿಲು. ಹಸಿವು. ಈಯಮ್ಮ ಬೇಜಾರಿಗೆ ಕೂತಲ್ಲೇ ಕೈಗೆ ಸಿಕ್ಕ ಚೂರುಗಳನ್ನು ಆರಿಸಿ ಸೆರಗಿಗೆ ತುಂಬಿಕೊಂಡಿದ್ದಾರೆ. ಅವನು ಬಂದು, ‘ಏನೇ ಇದು?’ ಅಂದರೆ, ‘ಚಕ್ಕುಲಿ. ತಿನ್ನಿ’ ಅಂದರಂತೆ. ಅವನು ಸುತ್ತಿಗೆ ಹಿಡಿದು ತಂದದ್ದೆಲ್ಲ ಸಾಮಾನ್ಯ ಹುಳುಗಳು. ಆ ಸೆರಗಿನ ಚಕ್ಕುಲಿಗಳಲ್ಲಿ ಒಂದು ಮಾತ್ರ — ಅದನ್ನು ಅವನು ವರ್ಷಗಳ ಮೇಲೆ, ಜಂಗಮಕೋಟೆಯ ಮನೆಯಲ್ಲಿ, ಸೂಜಿ ಹಿಡಿದು ಕೆರೆದು ಕೆರೆದು ಶುಚಿ ಮಾಡುವಾಗ ಕಂಡುಕೊಂಡ — ಅದು ಯಾವ ಪುಸ್ತಕದಲ್ಲೂ ಇಲ್ಲದ ಹುಳು.

ನಿಂಬೆಹಣ್ಣಿನ ಗಾತ್ರ. ಸುರುಳಿ. ಸುರುಳಿಯ ಮೇಲೆ ಗುಬುಟು, ಸಣ್ಣ ಸಣ್ಣ ಉಬ್ಬು. ಬೇರೆಯವಕ್ಕೆ ಗುಬುಟು ಒಂದು ಸಾಲು, ಇದಕ್ಕೆ ಎರಡು. ಜೊತೆಗೆ ಹೊಟ್ಟೆಯ ಹತ್ತಿರ ಒಂದು ದುಂಡನೆ ತೂತು. ಆ ತೂತನ್ನು ತೋರಿಸಿ ಅವನು ಹೇಳುತ್ತಿದ್ದ: ‘ಇದು ಕೊಲೆ ಕೇಸು ಕಣೋ. ಇನ್ನೊಂದು ಬಸವನಹುಳು ಬಂದು ಇದರ ಚಿಪ್ಪು ಕೊರೆದು ಒಳಗಿದ್ದದ್ದನ್ನ ತಿಂದು ಹೋಗಿದೆ. ಲಕ್ಷಾಂತರ ವರ್ಷ ಆಯ್ತು, ಆರೋಪಿ ಸಿಕ್ಕಿಲ್ಲ.’ ನಾನು, ‘ಎಲ್ಲಿ ಸಿಗ್ತಾನೆ, ನಿಧಾನಕ್ಕೆ ಓಡಿ ಹೋಗಿರ್ತಾನೆ’ ಅಂದೆ.

ಅವನು ನಗಲಿಲ್ಲ.

ಇದನ್ನು ನೀವು ಗಮನಿಸಬೇಕು. ಚನ್ನಕೇಶವ ನನ್ನ ಯಾವ ಜೋಕಿಗೂ ಅಲ್ಲೇ ನಕ್ಕವನಲ್ಲ. ಅವನು ನಿಧಾನಿ. ದಿನಾ ಜಂಗಮಕೋಟೆಯಿಂದ ಶಿಡ್ಲಘಟ್ಟ, ಅಲ್ಲಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಗೌರಿಬಿದನೂರು — ಬಸ್ಸು ಬದಲಾಯಿಸಿ ಬದಲಾಯಿಸಿ ಬರುವಷ್ಟರಲ್ಲಿ ಅವನ ಹುಳುವೇ ಬೇಗ ಬಂದು ಹಾಜರಿ ಹಾಕುತ್ತಿತ್ತೇನೋ. ನಾನು ಬೆಳಿಗ್ಗೆ ಹೇಳಿದ ಜೋಕು ಅವನಿಗೆ ಸಂಜೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ತಲುಪುತ್ತಿತ್ತು. ಅಲ್ಲಿಂದ ಫೋನು ಬರುತ್ತಿತ್ತು. ‘ಲೋ ಮುರಳಿ, ಈಗ ಗೊತ್ತಾಯ್ತು ಕಣೋ...’ ಅಂತ ಶುರು ಮಾಡಿ, ಹಿಂದೆ ಕಂಡಕ್ಟರ್ ಕೂಗುತ್ತಿದ್ದರೂ ಬಿಡದೆ, ಒಬ್ಬನೇ ಬಿದ್ದು ಬಿದ್ದು ನಗುತ್ತಿದ್ದ.

ಆ ಫೋನಿಗೆ ನಾನು ಈಗಲೂ ಕಾಯುತ್ತೇನೆ. ಸಂಜೆ ಆ ಹೊತ್ತಿಗೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ನಾಚಿಕೆ ಏನೂ ಇಲ್ಲ. ಹೋಗುತ್ತದೆ.

ಇನ್ನು ನನ್ನ ಹೆಚ್ಚುಗಾರಿಕೆ. ಅದನ್ನು ನಾನೇ ಹೇಳಿಕೊಳ್ಳಬೇಕು, ಹೇಳುತ್ತಿದ್ದವನು ಹೋದ. ಆ ಎರಡು ಸಾಲಿನ ಹುಳು ಸ್ಟಾಫ್ ರೂಮಿನಲ್ಲಿ ಅವನ ಮೇಜಿನ ಮೇಲೆ ಇರುತ್ತಿತ್ತು. ನಾನು ಕನ್ನಡ ಮೇಷ್ಟ್ರು, ಸುಣ್ಣದ ಪರಿಚಯ ಎಲೆಅಡಿಕೆಯಷ್ಟೇ. ಆದರೂ ಅದನ್ನು ಮುಟ್ಟಿ ಮುಟ್ಟಿ ನನಗೆ ಎಂಥ ವಿದ್ಯೆ ಬಂತು ಅಂದರೆ — ಕಣ್ಣಿಗೆ ಕರ್ಚೀಫು ಕಟ್ಟಿ, ಮುಂದೆ ಜಲ್ಲಿ, ಇಟ್ಟಿಗೆ ಚೂರು, ಬೇರೆ ಬೇರೆ ಬಸವನಹುಳು ರಾಶಿ ಹಾಕಿ, ನಾನು ಬೆರಳಲ್ಲಿ ಸವರಿ ಅದನ್ನೇ ಎತ್ತುತ್ತಿದ್ದೆ. ಒಮ್ಮೆಯೂ ತಪ್ಪಿಲ್ಲ. ಕಾಲೇಜ್ ಡೇ ದಿನ ಇದೇ ವೇದಿಕೆಯ ಮೇಲೆ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಇಲ್ಲಿ ಕುಳಿತಿರುವ ಅನೇಕರು ನೋಡಿದ್ದೀರಿ. ಚನ್ನಕೇಶವ ಪಕ್ಕದಲ್ಲಿ ನಿಂತು ತುಂಬಾ ಗಂಭೀರವಾಗಿ, ‘ಭೇಷ್ ಕಣೋ. ನನ್ನ ಬಿಟ್ರೆ ಈ ಜಿಲ್ಲೆಯಲ್ಲಿ ನೀನೊಬ್ಬನೇ’ ಅನ್ನುತ್ತಿದ್ದ. ಆ ಸರ್ಟಿಫಿಕೇಟು ಪಿಎಚ್.ಡಿ.ಗಿಂತ ದೊಡ್ಡದು ಅಂತ ನಾನು ತಿರುಗಾಡಿದೆ. ಈ ಜಿಲ್ಲೆಯಲ್ಲಿ ಕಡಲ ಬಸವನಹುಳುವನ್ನು ಕಣ್ಣು ಮುಚ್ಚಿ ಗುರುತಿಸಬಲ್ಲ ಜೀವ ಈಗ ನಾನೊಬ್ಬನೇ ಉಳಿದಿದ್ದೇನೆ — ಇದನ್ನು ನಾನು ಅವನ ಮಣ್ಣಿನ ದಿನ ಕೂಡ ನಾಲ್ಕು ಜನಕ್ಕೆ ಹೇಳಿದೆ.

ಈಗ ಆ ಸೋಮವಾರ.

ಹೇಳಬೇಕೋ ಬೇಡವೋ ಅಂತ ಇಲ್ಲಿಗೆ ಬರುವವರೆಗೂ ಗೊತ್ತಿರಲಿಲ್ಲ. ಹೇಳುತ್ತೇನೆ. ಎರಡನೇ ಪೀರಿಯಡ್ಡು ಇಬ್ಬರಿಗೂ ಬಿಡುವು. ಕ್ಯಾಂಟೀನಿನಿಂದ ಟೀ, ಬೋಂಡ ಬಂತು. ‘ಎಣ್ಣೆ ಕೈಯಲ್ಲಿ ಹುಳು ಮುಟ್ಬೇಡ ಕಣೋ’ ಅಂದ. ನಾನು ಮುಟ್ಟಿದೆ. ಅವನು ಎಂದಿನಂತೆ ತನ್ನ ಕರ್ಚೀಫಿನಲ್ಲಿ ಅದನ್ನು ಒರೆಸಿ ಮುಂದಿಟ್ಟುಕೊಂಡ. ನಾನು ಒಂದು ಜೋಕು ಹೇಳಿದೆ. ಆ ಜೋಕು ಯಾವುದು ಅಂತ ಕೇಳಬೇಡಿ. ಇನ್ನು ಮುಂದೆ ಎಲ್ಲಿಯೂ ಅದನ್ನು ಹೇಳುವುದಿಲ್ಲ.

ಚನ್ನಕೇಶವ ತಲೆಯನ್ನು ಮೇಜಿನ ಮೇಲೆ ಇಟ್ಟ. ಹೀಗೆ — ಕೈ ಮಡಿಸಿ, ಅದರ ಮೇಲೆ ಹಣೆ. ಭುಜ ಒಮ್ಮೆ ಅಲುಗಿತು. ನನಗೆ ಎಂಥ ಹಿಗ್ಗು! ಇಷ್ಟು ವರ್ಷಕ್ಕೆ ಒಂದು ಸಲ, ಶಿಡ್ಲಘಟ್ಟದ ತನಕ ಕಾಯದೆ, ಅಲ್ಲೇ, ಆಗಲೇ ನಕ್ಕ ಅಂದುಕೊಂಡೆ. ‘ಸಾಕು ಏಳೋ, ಅಷ್ಟೇನೂ ಚೆನ್ನಾಗಿರ್ಲಿಲ್ಲ’ ಅಂದೆ.

ಏಳಲಿಲ್ಲ.

ನಾನು ಇನ್ನೊಂದು ಜೋಕು ಹೇಳಿದೆ.

ಸ್ನೇಹಿತರೇ — ನಾನು ಇನ್ನೊಂದು ಜೋಕು ಹೇಳಿದೆ. ಪೂರ್ತಿ ಹೇಳಿದೆ.

ಡಾಕ್ಟರು ಆಮೇಲೆ ಹೇಳಿದರು, ತಲೆ ಇಡುವ ಹೊತ್ತಿಗೇ ಮುಗಿದಿತ್ತು, ಪಕ್ಕದಲ್ಲಿ ಆಸ್ಪತ್ರೆಯೇ ಇದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಅಂತ. ಒಪ್ಪಿದೆ. ಬುದ್ಧಿ ಒಪ್ಪಿತು. ಆದರೆ ಕಿವಿ ಒಪ್ಪಿಲ್ಲ. ಎರಡನೇ ಜೋಕು ಮುಗಿದ ಮೇಲೆ ಆ ರೂಮಿನಲ್ಲಿ ಎಷ್ಟು ನಿಶ್ಶಬ್ದ ಇತ್ತೋ, ಅದು ಈಗಲೂ ನನ್ನ ಕಿವಿಯಲ್ಲಿ ಹಾಗೇ ಕುಳಿತಿದೆ. ಟೀ ಇನ್ನೂ ಬಿಸಿಯಿತ್ತು. ಅವನದು.

ಎಲ್ಲರೂ ಓಡಿ ಬಂದು ಅವನನ್ನು ಎತ್ತುವಾಗ ಹುಳು ಉರುಳಿತು. ಕೆಳಗೆ ಬಿದ್ದು ಒಡೆಯುತ್ತದೆ ಅಂತ ನಾನು ಹಿಡಿದೆ, ಜೇಬಿಗೆ ಹಾಕಿದೆ. ಅದೇ ನನ್ನ ಕಳ್ಳತನ.

ಮಾರನೆಯ ದಿನ ಜಂಗಮಕೋಟೆಯಲ್ಲಿ, ಅವರ ತೋಟದಲ್ಲೇ ಮಣ್ಣು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಹೋದವರಿಗೆ ಇಷ್ಟವಾದದ್ದನ್ನು ಜೊತೆಗಿಡುತ್ತಾರೆ — ಯಾರಿಗೋ ಎಲೆಅಡಿಕೆ, ಯಾರಿಗೋ ಹೊಗೆಸೊಪ್ಪು. ಆಮೇಲೆ ಉಪ್ಪು. ಮೋಹನ್‌ಬಾಬು ಉಪ್ಪಿನ ಮೂಟೆ ಬಿಚ್ಚುತ್ತಿದ್ದರು. ಯಾರೋ, ‘ಇವ್ರಿಗೆ ಎಲೆಅಡಿಕೆ ಅಭ್ಯಾಸ ಇಲ್ವಲ್ಲ, ಏನಿಡೋದು?’ ಅಂದರು. ಆಗ ನನಗೆ ಜೇಬಿನ ಭಾರ ನೆನಪಾಯಿತು. ಇಳಿದೆ. ಅವನ ಬಲಗೈ ಬಿಡಿಸಿ, ಹುಳುವನ್ನು ಅಂಗೈಯಲ್ಲಿಟ್ಟು, ಬೆರಳು ಮಡಿಸಿದೆ. ಮೇಲೆ ನಿಂತ ಹೆಂಗಸರೆಲ್ಲ ಹೋ ಎಂದು ಅತ್ತರು. ನನ್ನ ದುಃಖದ ಮಧ್ಯೆಯೂ, ಸುಳ್ಳು ಯಾಕೆ ಹೇಳಲಿ, ಸನ್ನಿವೇಶ ಚೆನ್ನಾಗಿ ಬಂತು ಅಂತ ನನಗೆ ಅನ್ನಿಸಿತು. ಅದರ ಮೇಲೆ ಉಪ್ಪು ಸುರಿದರು, ಮಣ್ಣು ಸುರಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದು ಯೋಚನೆ ಬಂತು. ಮುಂದೆ ಎಂದಾದರೂ ಯಾರೋ ವಿಜ್ಞಾನಿ ಅಲ್ಲಿ ಅಗೆದರೆ? ಕೆಳಗೆ ಸಮುದ್ರದ ಉಪ್ಪು. ಉಪ್ಪಿನಲ್ಲಿ ಸಮುದ್ರದ ಬಸವನಹುಳು. ‘ಶಿ­ಡ್ಲಘಟ್ಟ ತಾಲ್ಲೂಕು ಹಿಂದೆ ಸಮುದ್ರವಾಗಿತ್ತು’ ಅಂತ ಬರೆದು ದೊಡ್ಡ ಬಹುಮಾನ ಹೊಡೆಯುತ್ತಾನೆ. ಚನ್ನಕೇಶವನಿಗೆ ಹೇಳಬೇಕು ಅಂತ ಫೋನು ತೆಗೆದೆ. ಅವನ ಹೆಸರು ಒತ್ತಿಯೂ ಬಿಟ್ಟೆ. ಅದು ರಿಂಗಾಯಿತು. ವೆಂಕಟರತ್ನಮ್ಮನವರು ಎತ್ತಿ, ‘ಹೇಳಿ ಮೇಷ್ಟ್ರೇ’ ಅಂದರು. ‘ತಪ್ಪಿ ಒತ್ತಿದೆ’ ಅಂದೆ. ಅವರು, ‘ಅಭ್ಯಾಸ. ನಂಗೂ ಹಂಗೇ ಆಗ್ತಿದೆ’ ಅಂದು ಇಟ್ಟರು.

ಮೂರನೆಯ ದಿನ, ಹಾಲುತುಪ್ಪಕ್ಕೆ, ತನುಜ ಬಂದಳು. ಅಲ್ಲಿ ಕುಳಿತಿದ್ದಾಳೆ ನೋಡಿ. ನಗರಗೆರೆಯ ಹುಡುಗಿ, ಇದೇ ಕಾಲೇಜಿನಲ್ಲಿ ಅವನ ವಿದ್ಯಾರ್ಥಿನಿ, ಈಗ ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಾಳೆ. ಆ ಹುಳುವಿನ ಬಗ್ಗೆ ಗುರು ಶಿಷ್ಯೆ ಸೇರಿ ಬರೆದಿದ್ದ ಲೇಖನ ಪೂರ್ತಿಯಾಗಿ ಪತ್ರಿಕೆಗೆ ಹೋಗಿತ್ತು. ಜಗಲಿಯ ಮೇಲೆ ನನ್ನ ಪಕ್ಕ ಕುಳಿತು, ಕಣ್ಣೊರೆಸಿಕೊಂಡು, ಮೆಲ್ಲಗೆ ಕೇಳಿದಳು:

‘ಸರ್, ಸ್ಪೆಸಿಮನ್ ಎಲ್ಲಿದೆ? ಮ್ಯೂಸಿಯಮ್ಮಿಗೆ ಕೊಡಬೇಕು.’

‘ಅವನ ಜೊತೆಗೇ ಕಳ್ಸಿಬಿಟ್ಟೆ ಕಣಮ್ಮ’ ಅಂದೆ, ಹೆಮ್ಮೆಯಿಂದ.

‘ಎಲ್ಲಿಗೆ?’

ನಾನು ತೋಟದ ಕಡೆ ಕೈ ತೋರಿಸಿದೆ.

ಆ ಹುಡುಗಿಯ ಮುಖ ಬಾಡಿಹೋದದ್ದನ್ನು ನಾನು ಮರೆಯಲಾರೆ. ಅವಳು ವಿವರಿಸಿದಳು. ಇದು ಹೊಸ ಹುಳು ಅಂತ ಲೋಕಕ್ಕೆ ಹೇಳಬೇಕಾದರೆ ಫೋಟೋ ಇದ್ದರೆ ಸಾಲದು, ಬರೆದರೆ ಸಾಲದು. ಆ ವಸ್ತುವೇ ಒಂದು ಕಡೆ ಇರಬೇಕು — ಅನುಮಾನ ಬಂದವರು ಎಂದಾದರೂ ಬಂದು ಮುಟ್ಟಿ ನೋಡುವ ಹಾಗೆ. ಎರಡು ಸಾಲು ಗುಬುಟಿನದು ಜಗತ್ತಿನಲ್ಲಿ ಈವರೆಗೆ ಸಿಕ್ಕಿದ್ದು ಅದೊಂದೇ. ಅದು ಇಲ್ಲ ಅಂದರೆ ಲೇಖನ ಇಲ್ಲ, ಹೆಸರು ಇಲ್ಲ. ಅವನ ಇಷ್ಟು ವರ್ಷದ ಕೆಲಸವೂ ಇಲ್ಲ.

‘ನೀವಿಟ್ಟಿದ್ದು ಅದೇನಾ ಸರ್? ಖಾತ್ರಿನಾ?’

ನನಗೆ ಸಿಟ್ಟು ಬಂತು. ‘ನನ್ನನ್ನ ಕೇಳ್ತೀಯಾ? ಕಣ್ಣು ಮುಚ್ಚಿ ಹೇಳ್ತೀನಿ, ಅದೇ!’ ಅಂದೆ. ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಅಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಅವಳು ಮಂಕಾಗಿ, ‘ಸರ್ ಹೆಸರು ಕೂಡ ಇಟ್ಟಿದ್ರು’ ಅಂದಳು. ನನಗೇ ತಿಳಿಯದೆ ಕಾಲರು ಸರಿ ಮಾಡಿಕೊಂಡೆ. ಮುರಳಿ ಅಂತ ಬರುತ್ತದೆ, ಬಾರದೆ ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ.

‘ರತ್ನ ಅಂತ ಬರುತ್ತೆ ಸರ್. ಅಮ್ಮನ ಹೆಸರು. ಅಚ್ಚಾಗೋವರೆಗೂ ಅಮ್ಮಂಗೆ ಹೇಳ್ಬೇಡ ಅಂದಿದ್ರು.’

ಬಾಗಿಲ ಹತ್ತಿರ ವೆಂಕಟರತ್ನಮ್ಮನವರು ನಿಂತಿದ್ದರು. ಕೇಳಿಸಿಕೊಂಡರು.

ಆಮೇಲೆ ನಡೆದದ್ದು ಪಂಚಾಯಿತಿ. ತೆಗೆಸೋಣವೇ ಅಂತ ಬಾಯಿ ಬಿಟ್ಟವನು ನಾನೇ. ಮೋಹನ್‌ಬಾಬು ಎದ್ದು ನಿಂತುಬಿಟ್ಟರು.

‘ಏನ್ ಮಾತಾಡ್ತಿದೀರ ಮೇಷ್ಟ್ರೇ? ಮಣ್ಣಿನ ತೇವ ಆರಿಲ್ಲ ಇನ್ನಾ, ಅಣ್ಣನ್ನ ಅಗೆದು ತೆಗೆಯೋದಾ? ಊರೋರು ಏನಂತಾರೆ?’

ಅವರ ಸೋದರತ್ತೆ ಅಕ್ಕಯ್ಯಮ್ಮನವರಿಗೆ ಕಿವಿ ಸ್ವಲ್ಪ ಮಂದ. ‘ಏಮಂಟ? ಏನಂತೆ ಗಲಾಟೆ?’ ಅಂದರು. ಯಾರೋ ಹುಳ ಬೇಕಂತೆ ಅಂದರು. ‘ಅಯ್ಯ, ಅದಕ್ಕಾ ಇಷ್ಟೊಂದು ರಂಪ! ಹುಳದ ಮನೇಲಿ ತಟ್ಟೆ ತಟ್ಟೆ ಐತೆ, ಆ ಮಗೀಗೆ ಎರಡು ಹಿಡಿ ಕೊಟ್ಟು ಕಳ್ಸ್ರಪ್ಪ’ ಅಂದರು. ನಗಬೇಕಾದ ಮಾತು. ಯಾರೂ ನಗಲಿಲ್ಲ. ನಾನೂ.

‘ಅತ್ತಿಗೆ ಹೇಳಿದಂಗೆ ಆಗ್ಲಿ’ ಅಂದರು ಮೋಹನ್‌ಬಾಬು ಕೊನೆಗೆ. ಎಲ್ಲರೂ ಬಾಗಿಲ ಕಡೆ ತಿರುಗಿದೆವು. ವೆಂಕಟರತ್ನಮ್ಮನವರು ತೋಟದ ಕಡೆ ನೋಡುತ್ತಲೇ ಹೇಳಿದರು:

‘ನನ್ನ ಹೆಸರಿಗೋಸ್ಕರ ಅವ್ರನ್ನ ಎಬ್ಬಿಸ್ಬೇಡಿ.’

ಅಷ್ಟೇ. ಒಳಗೆ ಹೋದರು.

ಚಿಂತಾಮಣಿಯವನು ನಾನು. ಮಣಿ ಯಾವತ್ತೂ ಸಿಕ್ಕಿರಲಿಲ್ಲ. ಅವತ್ತಿನಿಂದ ಚಿಂತೆ ಸಿಕ್ಕಿತು. ಯೋಚಿಸಿ ನೋಡಿ. ಒಬ್ಬ ಮನುಷ್ಯ ತನ್ನ ಹೆಂಡತಿಗೆ ಬಂಗಾರ ಕೊಡಿಸಲಿಲ್ಲ, ಊಟಿ ತೋರಿಸಲಿಲ್ಲ. ಬಿಸಿಲಲ್ಲಿ ಕೂರಿಸಿ ಹೋದದ್ದಕ್ಕೆ ಪ್ರಾಯಶ್ಚಿತ್ತ ಎಂಬಂತೆ, ಭೂಮಿಯ ಮೇಲೆ ವಿಜ್ಞಾನ ಇರುವವರೆಗೆ ಉಳಿಯುವ ಹಾಗೆ ಅವಳ ಹೆಸರನ್ನು ಒಂದು ಹುಳುವಿನ ಬೆನ್ನ ಮೇಲೆ ಬರೆಯಲು ಹೊರಟಿದ್ದ. ಅದನ್ನು ನಾನು ಒಂದು ಒಳ್ಳೆಯ ಸನ್ನಿವೇಶಕ್ಕಾಗಿ ಮಣ್ಣು ಮಾಡಿದ್ದೆ. ತನುಜ ಹೈದರಾಬಾದಿಗೆ ಹೋಗಿ ಲೇಖನ ವಾಪಸ್ಸು ಪಡೆಯುತ್ತೇನೆ ಅಂತ ಮೆಸೇಜು ಹಾಕಿದಳು. ನಾನು ಮೂರು ಸಾಲು ಟೈಪು ಮಾಡಿ ಅಳಿಸಿದೆ.

ನಿನ್ನೆ ಹನ್ನೊಂದನೆಯ ದಿನ. ತಿಥಿ.

ಸೂತಕದ ಮನೆಯಲ್ಲಿ ದೇವರ ಮನೆಯ ಬಾಗಿಲು ಹಾಕಿರುತ್ತದೆ. ಅವನು ಹೋದ ದಿನ ಹಾಕಿದ ಚಿಲಕ, ಯಾರೂ ತೆಗೆದಿರಲಿಲ್ಲ. ನಿನ್ನೆ ಮನೆ ತೊಳೆದು, ಅರಿಶಿನದ ನೀರು ಚಿಮುಕಿಸಿ, ವೆಂಕಟರತ್ನಮ್ಮನವರೇ ಚಿಲಕ ತೆಗೆದು ದೀಪ ಹಚ್ಚಿದರು. ನಾನು ಪಡಸಾಲೆಯಲ್ಲಿದ್ದೆ. ಆ ಮನೆಯಲ್ಲಿ ನನ್ನ ಪ್ರಯಾಣ ಯಾವತ್ತೂ ಅಡುಗೆ ಮನೆಯವರೆಗೆ ಮಾತ್ರ. ದೇವರ ಮನೆಯ ಹೊಸಿಲು ನಾನು ದಾಟಿದವನಲ್ಲ. ಅಲ್ಲಿ ತಿನ್ನುವುದಕ್ಕೆ ಕೊಡುವ ಮೊದಲು ಕಾಯಿಸುತ್ತಾರೆ.

ತನುಜ ಹೊಸಿಲಿನ ಹತ್ತಿರ ಕೈ ಮುಗಿದು ನಿಂತಿದ್ದಳು. ದೀಪದ ಬೆಳಕು ಏರಿತು. ಇದ್ದಕ್ಕಿದ್ದ ಹಾಗೆ ಅವಳ ದನಿ ಕೇಳಿತು:

‘ಅಮ್ಮಾ — ಆ ದಾರದಲ್ಲಿ ನೇತಾಕಿರೋದು ಏನಮ್ಮಾ?’

‘ಅದಾ? ಅಂಡಮಾನಿಂದು ಕಣಮ್ಮ. ನಾನು ಸೆರಗಲ್ಲಿ ತಂದಿದ್ನಲ್ಲ, ಅದ್ರಲ್ಲೊಂದು. ದಸರಾ ಆದ್ಮೇಲೆ ಕೊಟ್ರು. ನಿಂದು ನೀನೇ ಇಟ್ಕೋ, ಮುರಳಿ ಕೈಗೆ ಸಿಗದಿರೋ ಜಾಗದಲ್ಲಿ ಇಡು ಅಂದ್ರು. ಅದಕ್ಕೇ ಇಲ್ಲಿ. ತೂತಿತ್ತಲ್ಲ, ಒಂದೆಳೆ ರೇಷ್ಮೆ ಪೋಣಿಸಿ ಮೊಳೆಗೆ ಹಾಕ್ದೆ.’

ತೂತು. ಕೇಳಿಸಿತೇ ಸ್ನೇಹಿತರೇ? ಪೋಣಿಸುವಂಥ ತೂತು.

‘ಮತ್ತೆ ಯಾಕಮ್ಮಾ ಹೇಳ್ಲಿಲ್ಲ?’ ಅಂದಳು ತನುಜ.

‘ನಂದು ಯಾವ್ದೋ ಸಾಮಾನ್ಯದ್ದು ಅಂದ್ಕೊಂಡಿದ್ದೆ. ಅಸಲಿ ಅವ್ರ ಕೈಲೇ ಹೋಯ್ತು ಅಂತ ಮೇಷ್ಟ್ರು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ.’

ಆಗ ಮೋಹನ್‌ಬಾಬು — ಅವರು ಇಲ್ಲಿದ್ದಾರೆ, ಬೇಕಾದರೆ ಕೇಳಿ — ತಲೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟರು. ‘ಅಯ್ಯಯ್ಯೋ... ಅಣ್ಣ ನಮ್ಮ ಹುಳದ ಮನೇಲಿ ಕೂತ್ಕೊಂಡು ಅಚ್ಚು ಹೊಯ್ದಿದ್ದ. ಪ್ಲಾಸ್ಟರು. ನಾನೇ ಬಕೆಟ್ ಕೊಟ್ಟಿದ್ದೆ. ಟೀ ಡಿಕಾಕ್ಷನ್ ಬಳಿದು ಬಣ್ಣ ಬರಿಸ್ದ. ಯಾಕಣ್ಣ ಅಂದ್ರೆ, ಮುರಳಿ ಬೋಂಡ ತಿಂದು ಮುಟ್ತಾನೆ, ಕಲ್ಲಿಗೆ ಎಣ್ಣೆ ಇಳಿಯುತ್ತೆ, ಬೇಡ ಅಂದ್ರೆ ಮುನಿಸ್ಕೋತಾನೆ, ಅದಕ್ಕೆ ಅವನಿಗೆ ಅಂತ ಒಂದು ಬೇರೆ ಮಾಡಿಟ್ಟಿದೀನಿ, ನೀನು ಬಾಯ್ ಬಿಡ್ಬೇಡ ಅಂದಿದ್ದ. ಎಷ್ಟೋ ವರ್ಷದ ಮಾತು. ನಂಗೆ ಮರ್ತೇ ಹೋಗಿತ್ತು.’

ಎಷ್ಟೋ ವರ್ಷದ ಮಾತು.

ಅಂದರೆ, ಕರ್ಚೀಫು ಕಟ್ಟಿ ನಾನು ರಾಶಿಯಿಂದ ಎತ್ತುತ್ತಿದ್ದದ್ದು ಪ್ಲಾಸ್ಟರು. ಕಾಲೇಜ್ ಡೇ ದಿನ ಇದೇ ವೇದಿಕೆಯಲ್ಲಿ ಎತ್ತಿ ಹಿಡಿದದ್ದು ಪ್ಲಾಸ್ಟರು. ‘ಕೊಲೆಯಾದ ತೂತು ಇಲ್ಲಿದೆ ನೋಡಿ’ ಅಂತ ನಾನು ಬೆರಳಿಟ್ಟು ತೋರಿಸುತ್ತಿದ್ದ ಜಾಗದಲ್ಲಿ ತೂತೇ ಇರಲಿಲ್ಲ, ಬರೀ ಗುಳಿ. ಪ್ರತಿ ಸಲ ಬೋಂಡದ ಎಣ್ಣೆಯನ್ನು ಅವನು ಕರ್ಚೀಫಿನಿಂದ ಒರೆಸುತ್ತಿದ್ದದ್ದು ಯಾವುದನ್ನು? ಪ್ಲಾಸ್ಟರನ್ನು! ಒಬ್ಬ ಮನುಷ್ಯ ಸ್ನೇಹಿತನಿಗೆ ಅನುಮಾನ ಬರಬಾರದು ಅಂತ, ನಕಲಿಯನ್ನು ಅಸಲಿಯಷ್ಟೇ ಕಾಳಜಿಯಿಂದ ವರ್ಷಾನುಗಟ್ಟಲೆ ಒರೆಸುತ್ತಾನೆ ಅಂದರೆ — ಏನು ಹೇಳಲಿ? ಪಕ್ಕದಲ್ಲಿ ನಿಂತು ‘ಭೇಷ್ ಕಣೋ’ ಅನ್ನುವಾಗ ಅವನ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ನನ್ನ ಜೋಕುಗಳು ಅವನಿಗೆ ಸಂಜೆಗೆ ತಲುಪುತ್ತಿದ್ದವು. ಅವನು ನನಗೆ ಹೇಳಿದ ಒಂದೇ ಒಂದು ಜೋಕು ಇದು. ಅವನು ಹೋಗಿ ಹನ್ನೊಂದನೆಯ ದಿನಕ್ಕೆ ನನ್ನನ್ನು ತಲುಪಿತು. ಆ ಪಡಸಾಲೆಯಲ್ಲಿ, ತಿಥಿಯ ಎಲೆ ಹಾಕುವ ಹೊತ್ತಿನಲ್ಲಿ, ನಾನು ನಕ್ಕೆ. ಜನ ಗಾಬರಿಯಾಗುವ ಹಾಗೆ ನಕ್ಕೆ. ಆಮೇಲೆ ಅದು ನಗು ಆಗಿ ಉಳಿಯಲಿಲ್ಲ. ಮೋಹನ್‌ಬಾಬು ಹಿಡಿದುಕೊಂಡರು.

ಅಸಲಿ ಈಗ ಈ ಸಭಾಂಗಣದಲ್ಲೇ ಇದೆ. ಯಾರ ಚೀಲದಲ್ಲಿ ಅಂತ ನಾನು ಹೇಳುವುದಿಲ್ಲ, ನನ್ನ ಕೈಗೆ ಸಿಗದ ಜಾಗದಲ್ಲಿದೆ. ರೇಷ್ಮೆಯ ದಾರ ಬಿಚ್ಚಿಲ್ಲ. ‘ಹುಳುಗೆ ಹತ್ತಿರೋ ಕುಂಕುಮ ಒರೆಸ್ತೀನಿ ಅಮ್ಮಾ, ದಾರ ಇರ್ಲಿ’ ಅಂದಳು ತನುಜ. ಇವತ್ತು ಸಂಜೆ ಅದು ಹೊರಡುತ್ತದೆ. ಇನ್ನು ಕೆಲವು ತಿಂಗಳಿಗೆ ಅದರ ಹೆಸರು ಅಚ್ಚಾಗುತ್ತದೆ. ಬಸ್ಸಿನಲ್ಲಿ ನನಗೆ ಬಂದ ಯೋಚನೆಗೂ ಪೆಟ್ಟು ಬಿತ್ತು: ಮುಂದಿನ ವಿಜ್ಞಾನಿ ಜಂಗಮಕೋಟೆಯಲ್ಲಿ ಅಗೆದರೆ ಅವನಿಗೆ ಸಿಗುವುದು ಸಮುದ್ರವಲ್ಲ, ಟೀ ಡಿಕಾಕ್ಷನ್ನು.

ವೆಂಕಟರತ್ನಮ್ಮನವರೇ, ಅವನನ್ನು ಯಾರೂ ಎಬ್ಬಿಸಬೇಕಾಗಿ ಬರಲಿಲ್ಲ. ನಿಮ್ಮ ಹೆಸರೂ ಹೋಗಲಿಲ್ಲ. ಇದನ್ನು ಈ ಸಭೆಯ ಮುಂದೆ ಹೇಳಬೇಕೆಂದೇ ನಾನು ಬಂದದ್ದು.

ಅವನ ಕುರ್ಚಿಯನ್ನು ಸ್ಟಾಫ್ ರೂಮಿನಿಂದ ಯಾರೂ ಸರಿಸಿಲ್ಲ. ಅಟೆಂಡರು ಮೊನ್ನೆಯೂ ತಪ್ಪಿ ಎರಡು ಟೀ ತಂದಿಟ್ಟ. ನಾನೂ ತಪ್ಪಿ ಬೋಂಡದ ತಟ್ಟೆಯನ್ನು ಅವನ ಕಡೆಗೆ ಸರಿಸಿದೆ. ಇದೆಲ್ಲ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ. ನಿಲ್ಲದಿದ್ದರೂ ಪರವಾಗಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಅಕ್ಕಯ್ಯಮ್ಮನವರು ಕುಳಿತೇ ಇರಲಿ, ಮಂಡಿ ನೋವು. ಮೊಬೈಲು ಆರಿಸಿ. ಕಣ್ಣು ಮುಚ್ಚಿ. ಚನ್ನಕೇಶವನಿಗೆ ಗಡಿಬಿಡಿ ಆಗುತ್ತಿರಲಿಲ್ಲ, ಆದ್ದರಿಂದ ಈ ಮೌನವನ್ನು ಗಡಿಯಾರ ನೋಡಿ ಮುಗಿಸುವುದು ಬೇಡ. ಅವನ ನಡಿಗೆಯಲ್ಲೇ ಹೋಗಲಿ.

ಎಲ್ಲರೂ ಕಣ್ಣು ಮುಚ್ಚಿದ್ದೀರಿ ತಾನೇ? ನನ್ನ ಮುಖ ಯಾರಿಗೂ ಕಾಣಿಸುತ್ತಿಲ್ಲ ತಾನೇ? ಹಾಗಾದರೆ, ಹೇಳದೆ ಬಿಟ್ಟ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಿನ್ನೆ, ಮೋಹನ್‌ಬಾಬು ಪ್ಲಾಸ್ಟರಿನ ಮಾತು ತೆಗೆಯುವ ಮೊದಲು, ಆ ಹುಳು ತನುಜಳ ಕೈಗೂ ಹೋಗುವ ಮುಂಚೆ, ನನ್ನ ಕೈಗೆ ಬಂತು. ‘ನೀವೇ ನೋಡಿ ಹೇಳಿ ಮೇಷ್ಟ್ರೇ, ನಿಮಗೇ ತಾನೇ ಗೊತ್ತಾಗೋದು’ ಅಂತ ವೆಂಕಟರತ್ನಮ್ಮನವರೇ ದಾರ ಸಮೇತ ನನ್ನ ಅಂಗೈಯಲ್ಲಿಟ್ಟರು. ನಾನು ಕಣ್ಣು ಮುಚ್ಚಿದೆ. ಗುಬುಟು ಸವರಿದೆ. ತೂಗಿ ನೋಡಿದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇಷ್ಟು ವರ್ಷದ ಅನುಭವವನ್ನೆಲ್ಲ ಬೆರಳ ತುದಿಗೆ ತಂದುಕೊಂಡು ನಾನು ಹೇಳಿದೆ —

‘ಇದು ನಕಲಿ, ಅತ್ತಿಗೆ.’